ಗಣಕಯಂತ್ರದಲ್ಲಿ ಅಳಿಸಬಹುದಾದ ಮತ್ತು ಅಳಿಸಬಾರದ ಕಡತಗಳು

ಗಣಕಯಂತ್ರದಲ್ಲಿ ಸ್ಥಳಾವಕಾಶ ಕಡಿಮೆಯಾದಲ್ಲಿ ತಾತ್ಕಾಲಿಕ ಕಡತಗಳು, ತಂತ್ರಾಂಶ ಅಳವಡಿಸಿದ ನಂತರ ಉಳಿದ ಡೌನ್‌ಲೋಡ್‌ಗಳು ಹಾಗೂ ಒಂದೇ ಕಡತದ ಹೆಚ್ಚುವರಿ ಪ್ರತಿಗಳನ್ನು ಪರಿಶೀಲಿಸಿ ಅಳಿಸಬಹುದು.

ಸಭಾ ನಡವಳಿ, ತೆರಿಗೆ ವಹಿ, ಕಾಮಗಾರಿ ಛಾಯಾಚಿತ್ರಗಳು ಹಾಗಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರನ್ವಯ ಗಣಕಯಂತ್ರದಲ್ಲಿರುವುದೂ ದಾಖಲೆಯೇ. ನಾಗರಿಕರು ಕೋರಿದ ಮಾಹಿತಿಯನ್ನು ನಾಶಪಡಿಸಿದಲ್ಲಿ ಮಾಹಿತಿ ಅಧಿಕಾರಿಗೆ ರೂ. 25,000ದವರೆಗೆ ದಂಡ ವಿಧಿಸಬಹುದು.

‘ನುಡಿ’ ಫಾಂಟ್‌ಗಳನ್ನು ಅನಗತ್ಯವೆಂದು ತೆಗೆಯಬಾರದು. ಯೂನಿಕೋಡ್ ಬಳಕೆಗೆ ಮುನ್ನ ಅವುಗಳಲ್ಲಿ ಬೆರಳಚ್ಚು ಮಾಡಿದ ನಡವಳಿಗಳು ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಕೆಟ್ಟಿದೆಯೆಂದು ಭಾವಿಸಿ ಅಳಿಸಿದರೆ ಗ್ರಾಮದ ನಿರ್ಣಯವೇ ಕಳೆದುಹೋದೀತು.

ಸಂದೇಹವಿದ್ದಲ್ಲಿ ಅಳಿಸದೆ, ಬೇರೊಂದು ಡಿಸ್ಕಿನಲ್ಲಿ ಪ್ರತಿ ಉಳಿಸಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರೊಂದಿಗೆ ಚರ್ಚಿಸುವುದು ಸೂಕ್ತ.