ಸರಕು ವಾಹನದ ಚಾಲಕನಿಗೆ ಶಾಲೆಯ ತರಬೇತಿ ಏಕೆ ಬೇಕು?

ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪ ಹಾಗೂ ನೆರೆಯ ಕೊಪ್ಪ, ಶೃಂಗೇರಿ ಭಾಗಗಳಲ್ಲಿ ವ್ಯಾಪಾರವು ಸಂಪೂರ್ಣವಾಗಿ ರಸ್ತೆಯನ್ನೇ ಅವಲಂಬಿಸಿದೆ. ಅಡಿಕೆ ಶಿವಮೊಗ್ಗದ ಮಂಡಿಗೆ ಹೋಗಬೇಕು. ಗೊಬ್ಬರ, ಸಿಮೆಂಟು, ದಿನಸಿ ಹೊರಗಿನಿಂದ ಬರಬೇಕು. ಇದಕ್ಕಾಗಿ ವರ್ತಕರು ಲಕ್ಷಾಂತರ ರೂಪಾಯಿ ತೊಡಗಿಸಿ ಸ್ವಂತ ಪಿಕಪ್ ವಾಹನ ಇಟ್ಟುಕೊಳ್ಳುತ್ತಾರೆ. ಆದರೆ ಅದನ್ನು ನಡೆಸುವವನ ಕಲಿಕೆಯ ಕಡೆಗೆ ಅಷ್ಟೇ ಗಮನ ಹರಿಯುವುದಿಲ್ಲ. ಅಂಗಡಿಯ ಹುಡುಗನು ಹಳೆಯ ಚಾಲಕನ ಪಕ್ಕದಲ್ಲಿ ಕುಳಿತು, ಸಂಜೆ ಮೈದಾನದಲ್ಲಿ ನಾಲ್ಕು ಸುತ್ತು ಹೊಡೆದರೆ ಸಾಕೆಂಬ ಭಾವನೆ ಇನ್ನೂ ಉಳಿದಿದೆ.

ಶಾಲೆಯಲ್ಲಿ ದೊರೆಯುವುದೇನು?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಪರವಾನಗಿ ಪಡೆದ ಚಾಲನಾ ಶಾಲೆಯ ಬೋಧಕನಿಗೆ ಕನಿಷ್ಠ 5 ವರ್ಷಗಳ ಚಾಲನಾ ಅನುಭವವಿರಬೇಕು. ತರಬೇತಿಯ ಕಾರಿನಲ್ಲಿ ಬೋಧಕನೂ ವಾಹನವನ್ನು ನಿಲ್ಲಿಸುವಂತೆ ಜೋಡಿ ನಿಯಂತ್ರಣದ ವ್ಯವಸ್ಥೆ ಇರಬೇಕು. ಖಾಸಗಿ ವಾಹನಕ್ಕೆ ಕನಿಷ್ಠ 21 ದಿನ, 10 ಗಂಟೆಗಳ ಚಾಲನೆ; ಸಾರಿಗೆ ವಾಹನಕ್ಕೆ 30 ದಿನ, 15 ಗಂಟೆಗಳ ಚಾಲನೆ ನಿಗದಿಯಾಗಿದೆ. ಸ್ನೇಹಿತನ ಅಥವಾ ಅಣ್ಣನ ಪಾಠದಲ್ಲಿ ಈ ಯಾವ ಕಟ್ಟುಪಾಡೂ ಇರುವುದಿಲ್ಲ. ಕಲಿಯುವವನು ಗಾಬರಿಗೊಂಡಾಗ ಪಕ್ಕದಲ್ಲಿರುವವನ ಕಾಲಿಗೆ ಬ್ರೇಕು ಸಿಗುವುದೂ ಇಲ್ಲ. ಮೇಲಾಗಿ, ಕಲಿಸುವವನ ತಪ್ಪು ಅಭ್ಯಾಸಗಳೂ ಕಲಿಯುವವನಿಗೆ ಬಳುವಳಿಯಾಗಿ ಬರುತ್ತವೆ.

ಮಲೆನಾಡಿನ ರಸ್ತೆಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಘಾಟಿ ಇಳಿಯುವಾಗ ಕೆಳಗಿನ ಗೇರಿನಲ್ಲಿ ಇಂಜಿನ್ನಿನ ಹಿಡಿತದಲ್ಲೇ ಸಾಗಬೇಕು. ಇಂಧನ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿದರೆ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು, ಹಿಡಿತ ಕಳೆದುಕೊಳ್ಳುತ್ತದೆ. ಕಿರಿದಾದ ಏರಿನಲ್ಲಿ ಎದುರು ಬದುರಾದಾಗ ಹತ್ತುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬುದು ನಿಯಮ. ಮಳೆಗಾಲದ ಪಾಚಿಗಟ್ಟಿದ ಅಂಚು, ಮಂಜು ಕವಿದ ತಿರುವು ಇವುಗಳನ್ನು ನಿಭಾಯಿಸುವುದನ್ನು ಮೈದಾನದ ಸುತ್ತಾಟ ಕಲಿಸಲಾರದು.

ಸಡಿಲವಾದ ನಿಯಮ, ಹೆಚ್ಚಿದ ಹೊಣೆ

2024ರ ನವೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಮಹತ್ವದ ತೀರ್ಪು ನೀಡಿತು. ಲಘು ವಾಹನದ ಪರವಾನಗಿ ಇರುವವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮೋದನೆಯಿಲ್ಲದೆ ನಡೆಸಬಹುದು ಎಂಬುದು ಅದರ ಸಾರ. ಇದರಿಂದ ಸಣ್ಣ ವರ್ತಕರಿಗೆ ಅನುಕೂಲವಾಗಿರುವುದು ನಿಜ. ಆದರೆ ಕಾರಿನಲ್ಲಿ ಕಲಿತವನು ಮರುದಿನವೇ ಸಿಮೆಂಟು ತುಂಬಿದ ಪಿಕಪ್ ಹಿಡಿಯಬಹುದೆಂಬುದೂ ಅಷ್ಟೇ ನಿಜ. ತುಂಬಿದ ವಾಹನ ನಿಲ್ಲಲು ಹೆಚ್ಚು ದೂರ ಬೇಕು, ತಿರುವಿನಲ್ಲಿ ಅದು ವಾಲುತ್ತದೆ. ಕಾನೂನು ಕೇಳದಿದ್ದರೂ ಆತನಿಗೆ ಭಾರದ ವಾಹನದ ತರಬೇತಿ ಕೊಡಿಸುವುದು ಮಾಲೀಕನ ವಿವೇಕಕ್ಕೆ ಸೇರಿದ್ದು.

ಪರವಾನಗಿಯೇ ಇಲ್ಲದವನ ಕೈಗೆ ಕೀಲಿಕೈ ಕೊಡುವುದಂತೂ ಅಪಾಯಕ್ಕೆ ಆಹ್ವಾನ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯ 180ನೇ ಕಲಮಿನಡಿ ಮಾಲೀಕನಿಗೆ 5,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಚಾಲಕ ಅಪ್ರಾಪ್ತನಾಗಿದ್ದು ಅಪರಾಧವೆಸಗಿದರೆ, ಪೋಷಕ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡದ ಅವಕಾಶವಿದೆ. ಇದಕ್ಕಿಂತ ದೊಡ್ಡ ಪೆಟ್ಟು ವಿಮೆಯ ಕಡೆಯಿಂದ ಬರುತ್ತದೆ. ಮಾಲೀಕನ ನಿರ್ಲಕ್ಷ್ಯ ಸಾಬೀತಾದರೆ, ವಿಮಾ ಕಂಪೆನಿಯು ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ಮಾಲೀಕನಿಂದಲೇ ವಸೂಲು ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಏಕಮಾಲೀಕತ್ವದ ವ್ಯಾಪಾರದಲ್ಲಿ ಹೊಣೆಗೆ ಮಿತಿಯಿಲ್ಲ. ಅಂಗಡಿಯ ಸಾಲ ಮನೆ, ತೋಟದವರೆಗೂ ಬರಬಹುದು.

ಲೆಕ್ಕದ ದೃಷ್ಟಿ

ವ್ಯಾಪಾರಕ್ಕಾಗಿಯೇ ಮಾಡಿದ ನೌಕರರ ತರಬೇತಿಯ ವೆಚ್ಚವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚಾಗಿ ತೋರಿಸಬಹುದು. ಕಾನೂನು ಮೀರಿದ್ದಕ್ಕೆ ತೆತ್ತ ದಂಡವನ್ನು ತೋರಿಸುವಂತಿಲ್ಲ. ಅಪಘಾತವಿಲ್ಲದ ಐದು ವರ್ಷಗಳಲ್ಲಿ ಸ್ವಂತ ಹಾನಿ ವಿಮೆಯ ಕಂತಿನ ಮೇಲಿನ ರಿಯಾಯಿತಿ ಶೇ. 20ರಿಂದ ಶೇ. 50ರವರೆಗೆ ಏರುತ್ತದೆ, ಒಂದು ಕ್ಲೇಮಿನಿಂದ ಅದು ಕೈಬಿಡುತ್ತದೆ. ವಾಹನ ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆ, ತಪ್ಪಿದ ಸರಬರಾಜು ಇವು ಸಾಮಾನ್ಯ ವಾಹನ ವಿಮೆಗೆ ಒಳಪಡದ ನಷ್ಟಗಳು.

ಆದುದರಿಂದ ವರ್ತಕರು ಮೂರು ಕ್ರಮಗಳನ್ನು ರೂಢಿಸಿಕೊಳ್ಳುವುದು ಒಳಿತು: ಶಾಲೆಯ ಪರವಾನಗಿಯನ್ನು ನೋಡಿಯೇ ನೌಕರನನ್ನು ಸೇರಿಸುವುದು, ಪೂರ್ಣ ಅವಧಿಯ ತರಬೇತಿಯಾಗದೆ ಪ್ರಮಾಣಪತ್ರ ಕೊಡುವವರನ್ನು ದೂರವಿಡುವುದು, ಚಾಲಕನ ಪರವಾನಗಿಯ ಪ್ರತಿಯನ್ನು ಅವಧಿ ಮುಗಿಯುವ ದಿನಾಂಕದೊಡನೆ ಕಡತದಲ್ಲಿಡುವುದು. ದಾಸ್ತಾನನ್ನು ವರ್ಷಕ್ಕೊಮ್ಮೆ ಎಣಿಸುವ ವರ್ತಕನು, ಅದನ್ನು ಹೊತ್ತೊಯ್ಯುವವನ ಅರ್ಹತೆಯನ್ನೂ ವರ್ಷಕ್ಕೊಮ್ಮೆ ಪರಿಶೀಲಿಸಬೇಕಾಗಿದೆ.