ಸಿಹಿನೀರಿನ ಮೀನು: ಊರಿನ ಹೊಳೆಯಿಂದ ದಹಿಸರ್ ನದಿಯವರೆಗೆ

ಮುಂಬಯಿಯಲ್ಲಿ ನೆಲೆಸಿರುವ ಕರಾವಳಿಯ ಕನ್ನಡಿಗರಿಗೆ ಮೀನು ಎಂದೊಡನೆ ನೆನಪಾಗುವುದು ಬಂಗುಡೆ, ಬೂತಾಯಿ, ಅಂಜಲ್. ಆದರೆ ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಮೊದಲು ಕೈಯಾರೆ ಹಿಡಿದ ಮೀನು ಕಡಲಿನದ್ದಲ್ಲ. ಊರಿನ ತೋಡು, ಕೆರೆ, ಗದ್ದೆಗಳದ್ದು. ಆ ಸಿಹಿನೀರಿನ ಮೀನುಗಾರಿಕೆಯ ಬಗ್ಗೆ ನಾವು ತಿಳಿದಿರುವುದು ಕಡಿಮೆ.

ಮುಂಗಾರಿನ ಮೊದಲ ಮಳೆಗೆ ಹೊಳೆ ಕೆಂಪಾಗಿ ಹರಿಯತೊಡಗಿದಾಗ ಮೀನುಗಳು ಪ್ರವಾಹಕ್ಕೆ ಎದುರಾಗಿ ತೋಡು, ಗದ್ದೆಗಳತ್ತ ಏರಿ ಬರುತ್ತವೆ. ಮಲೆನಾಡಿನಲ್ಲಿ ಇದಕ್ಕೆ ಹತ್ತುಮೀನು ಎನ್ನುತ್ತಾರೆ. ಕೂಳಿ ಇಟ್ಟು, ದೊಂದಿ ಹಿಡಿದು, ಕತ್ತಿಯಿಂದ ಕಡಿದು ಬುಟ್ಟಿ ತುಂಬಿಸಿದ ಸಂಭ್ರಮ ನಮಗೆ ಇನ್ನೂ ನೆನಪಿದೆ. ಆ ಮೀನುಗಳು ಏರಿ ಬರುತ್ತಿದ್ದುದು ಮೊಟ್ಟೆಯಿಡಲು ಎಂಬುದು ಅಂದು ನಮಗೆ ಹೊಳೆಯಲಿಲ್ಲ. ಒಂದು ಕಿಲೋ ತೂಗುವ ಹೆಣ್ಣು ರೋಹು ಮೀನಿನಲ್ಲಿ ಲಕ್ಷಕ್ಕೂ ಮೀರಿ ಮೊಟ್ಟೆಗಳಿರುತ್ತವೆ. ಹೀಗೆ ಬಸುರಿ ಮೀನನ್ನು ಹಿಡಿದರೆ ಮುಂದಿನ ವರ್ಷದ ಮೀನನ್ನೂ ಹಿಡಿದಂತೆಯೇ ಸರಿ.

ಜಲಾಶಯಗಳ ಕಥೆ ಬೇರೆ. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಯ ಮೀನುಗಳು ಹರಿಯುವ ನೀರಿನಲ್ಲಿ ಮೊಟ್ಟೆಯಿಡುತ್ತವೆಯೇ ಹೊರತು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಆಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಮೀನುಗಳಿಂದ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದರು. ಆ ದಿನವನ್ನು ದೇಶವು ಮೀನು ಕೃಷಿಕರ ದಿನವಾಗಿ ಆಚರಿಸುತ್ತದೆ. ಇಂದು ಮರಿಗಳನ್ನು ಸಾಕಣೆ ಕೇಂದ್ರಗಳಲ್ಲಿ ಬೆಳೆಸಿ ಜಲಾಶಯಗಳಿಗೆ ಬಿಡಲಾಗುತ್ತದೆ. ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ ಹರಿಗೋಲಿನಲ್ಲಿ ಕುಳಿತು ಬಲೆ ಬೀಸುವ ಬೆಸ್ತರ ದುಡಿಮೆಯೂ ಈ ಮರಿಗಳ ಉಳಿವನ್ನೇ ನೆಚ್ಚಿದೆ. ಸಣ್ಣ ಕಣ್ಣಿನ ಬಲೆ ಎಳೆದರೆ ಮರಿಗಳೇ ಸಿಕ್ಕಿಬೀಳುತ್ತವೆ, ನಷ್ಟ ಬೆಸ್ತರದ್ದೇ.

ಕಾವೇರಿ, ಕಬಿನಿಗಳ ದೊಡ್ಡ ಮೀನು ಮಹಶೀರ್. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಅವರ ಗಾಳಕ್ಕೆ 120 ಪೌಂಡು ತೂಕದ ಮಹಶೀರ್ ಸಿಕ್ಕಿತ್ತು. ಕಾವೇರಿಯ ಗೂನು ಬೆನ್ನಿನ ಆ ಮಹಶೀರ್ ತಳಿಯನ್ನು 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿಸಲಾಯಿತು.

ಇನ್ನು ನಮ್ಮ ಮುಂಬಯಿ. ವಿಹಾರ್ ಮತ್ತು 1879ರ ತುಳಸಿ ಕೆರೆಗಳು ನಗರಕ್ಕೆ ಕುಡಿಯುವ ನೀರು ಕೊಡುವುದರಿಂದ ಅಲ್ಲಿ ಗಾಳ ಹಾಕಲು ಸಾರ್ವಜನಿಕರಿಗೆ ಅವಕಾಶವಿಲ್ಲ. ಗಾಳದ ಹವ್ಯಾಸಿಗಳ ನೆಲೆಯಾಗಿ ಹೆಸರಾದದ್ದು, ನೀರು ಕುಡಿಯಲು ಯೋಗ್ಯವಲ್ಲದ ಪವಾಯಿ ಕೆರೆ.

ನಮ್ಮ ಮನೆಗಳ ಹಿಂದೆ ಹರಿಯುವ ದಹಿಸರ್ ನದಿ ಹುಟ್ಟುವುದು ಇದೇ ತುಳಸಿ ಕೆರೆಯ ಬಳಿ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ. ಸುಮಾರು 12 ಕಿಲೋಮೀಟರ್ ಹರಿದು ಮನೋರಿ ಖಾರಿಯನ್ನು ಸೇರುತ್ತದೆ. ಕಾಡಿನೊಳಗೆ ಕಲ್ಲುಗಳ ನಡುವೆ ತಿಳಿಯಾಗಿರುವ ನೀರು, ಉದ್ಯಾನದ ಗಡಿ ದಾಟಿ ಊರು ಹೊಕ್ಕೊಡನೆ ತಬೇಲಾಗಳ ಸಗಣಿ, ಮನೆಗಳ ಚರಂಡಿ, ಪ್ಲಾಸ್ಟಿಕ್ ಹೊತ್ತು ಕಪ್ಪಾಗುತ್ತದೆ. ಇಂತಹ ಕೊಳೆಯನ್ನು ಕರಗಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಲೀಟರಿಗೆ ಸುಮಾರು 5 ಮಿಲಿಗ್ರಾಮ್ ಆಮ್ಲಜನಕವಿದ್ದರೆ ಗೆಂಡೆ ಮೀನು ಸುಖವಾಗಿರುತ್ತದೆ. ಅದು ತೀರ ಇಳಿದರೆ ಉಸಿರುಗಟ್ಟಿ ಸಾಯುತ್ತದೆ. ಮೇಲೆ ಬಂದು ಗಾಳಿ ಸೇವಿಸಬಲ್ಲ ಮುಗುಡು, ಕೊರವದಂತಹ ಮೀನುಗಳಷ್ಟೇ ಅಂತಹ ನೀರಿನಲ್ಲಿ ಬದುಕಬಲ್ಲವು. 2005ರ ಜುಲೈ 26ರ ಮಹಾಮಳೆಯ ಬಳಿಕ ನಗರದ ನದಿಗಳಿಗೆ ಎತ್ತರದ ಗೋಡೆಗಳು ಬಂದವು. ಪ್ರವಾಹದ ಭಯವೇನೋ ನಿಜವೇ. ಆದರೆ ಗೋಡೆಗಳ ನಡುವೆ ಮೀನಿಗೆ ಮೊಟ್ಟೆಯಿಡುವ ಹುಲ್ಲುದಂಡೆ ಉಳಿಯಲಿಲ್ಲ.

ನಮ್ಮ ಮಕ್ಕಳಿಗೆ ಈ ನದಿ 'ನಾಲೆ' ಎಂದಷ್ಟೇ ಪರಿಚಯ. ಅವರನ್ನು ಒಮ್ಮೆ ಉದ್ಯಾನಕ್ಕೆ ಕರೆದೊಯ್ದು ಇದೇ ನದಿಯ ತಿಳಿನೀರನ್ನು ತೋರಿಸೋಣ. ಪೂಜೆಯ ಹೂವನ್ನು ಪ್ಲಾಸ್ಟಿಕ್ ಚೀಲದೊಡನೆ ಸೇತುವೆಯಿಂದ ಎಸೆಯುವ ರೂಢಿಯನ್ನು ನಮ್ಮ ಮನೆಯಿಂದಲೇ ನಿಲ್ಲಿಸೋಣ. ಸಾಕಲು ಬೇಡವಾದ ಅಕ್ವೇರಿಯಂ ಮೀನನ್ನು ನದಿಗೆ ಬಿಡದಿರೋಣ. ಜೂನಿನಲ್ಲಿ ಊರಿಗೆ ಹೋದಾಗ ಹತ್ತುಮೀನನ್ನು ಮಕ್ಕಳಿಗೆ ತೋರಿಸೋಣ, ಆದರೆ ಕತ್ತಿ ಹಿಡಿಯುವುದು ಬೇಡ. ನಾವು ಕಂಡ ಹೊಳೆಯ ಒಂದಂಶವಾದರೂ ಅವರ ಪಾಲಿಗೆ ಉಳಿಯಲಿ.