ಕುಸಿತ ಕಂಟೇನರಿನೊಳಗೆ, ಸಹಾಯಕ ಹೊರಗೆ

ಲಿನಕ್ಸ್ ಕರ್ನಲ್ ತನ್ನ ಬಹುಪಾಲು ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆಯಾದರೂ, ಮಾಡ್ಯೂಲುಗಳನ್ನು ಹುಡುಕಿ ತುಂಬುವ ಮಾಡ್‌ಪ್ರೋಬ್, ಕೀಲಿಗಳನ್ನು ಒದಗಿಸುವ ರಿಕ್ವೆಸ್ಟ್-ಕೀ ಮೊದಲಾದ ಕೆಲವು ಸಾಮಾನ್ಯ ಪ್ರೋಗ್ರಾಮುಗಳನ್ನು ಅಗತ್ಯ ಬಿದ್ದಾಗ ತಾನಾಗಿ ಆರಂಭಿಸುತ್ತದೆ. ಯೂಸರ್‌ಮೋಡ್ ಹೆಲ್ಪರ್ ಎನ್ನಲಾಗುವ ಈ ಸಹಾಯಕಗಳು, ಪ್ರೊಸೆಸ್ಸುಗಳನ್ನು ಯಂತ್ರದ ಉಳಿದ ಭಾಗದಿಂದ ಬೇರ್ಪಡಿಸಿ ಓಡಿಸುವ ಆವರಣವಾದ ಕಂಟೇನರಿನ ಹೊರಗೆ ಓಡಬೇಕೋ ಒಳಗೋ ಎಂಬ ಪ್ರಶ್ನೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕರ್ನಲ್ ತಜ್ಞರನ್ನು ಕಾಡಿದೆ.

ಈ ಪ್ರಶ್ನೆಯ ಬೇರನ್ನು ಶಿಕಾರಿಪುರದಲ್ಲೋ ಸೊರಬದಲ್ಲೋ ಇರುವ ಯಾವುದೇ ಉಬುಂಟು ಲ್ಯಾಪ್‌ಟಾಪಿನಲ್ಲಿ ಕಣ್ಣಾರೆ ನೋಡಬಹುದು. ಪ್ರೊಕ್ ಕಡತಕೋಶದ ಸಿಸ್, ಅದರೊಳಗಿನ ಕರ್ನಲ್, ಅಲ್ಲಿರುವ ಕೋರ್_ಪ್ಯಾಟರ್ನ್ ಎಂಬ ಕಡತವನ್ನು ತೆರೆದರೆ ಒಂದೇ ಸಾಲು ಕಾಣುತ್ತದೆ. ಅದರ ಮೊದಲಿಗೆ ಒಂದು ನೆಟ್ಟನೆಯ ಗೆರೆ, ಬಳಿಕ ಅಪೋರ್ಟ್ ಎಂಬ ಪ್ರೋಗ್ರಾಮಿನ ದಾರಿ, ಆಮೇಲೆ ಶೇಕಡಾ ಚಿಹ್ನೆ ಹೊತ್ತ ಅಕ್ಷರಗಳು. 2006ರ 2.6.19ನೇ ಆವೃತ್ತಿಯಿಂದ ಆ ಗೆರೆಗೆ ಇರುವ ಅರ್ಥ ಇಷ್ಟೆ: ಯಾವುದೇ ಪ್ರೊಸೆಸ್ ಕುಸಿದಾಗ ಅದರ ಸ್ಮೃತಿಯ ಪ್ರತಿಯನ್ನು, ಅಂದರೆ ಕೋರ್ ಡಂಪನ್ನು, ಕಡತದಲ್ಲಿ ಬರೆಯದೆ ಆ ಪ್ರೋಗ್ರಾಮಿಗೆ ಸುರಿಯತಕ್ಕದ್ದು. ಅಕ್ಷರಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸಣ್ಣ ಪಿ ಕುಸಿದ ಪ್ರೊಸೆಸ್ಸಿನ ಸಂಖ್ಯೆಯನ್ನು ಅದರದೇ ಆವರಣದ ಲೆಕ್ಕದಲ್ಲಿ ಹೇಳಿದರೆ, ದೊಡ್ಡ ಪಿ ಇಡೀ ಯಂತ್ರದ ಲೆಕ್ಕದಲ್ಲಿ ಹೇಳುತ್ತದೆ. ಒಳಗೆ 7 ಆಗಿರುವ ಪ್ರೊಸೆಸ್ ಹೊರಗೆ 24581 ಆಗಿರಬಹುದು. ಒಂದೇ ವಸ್ತುವಿಗೆ ಎರಡು ಸಂಖ್ಯೆ ಬೇಕಾದದ್ದು ನೇಮ್‌ಸ್ಪೇಸುಗಳಿಂದ. ಯಂತ್ರದ ಕಡತಗಳು, ಪ್ರೊಸೆಸ್ಸುಗಳು, ಜಾಲ, ಬಳಕೆದಾರರು ಇವುಗಳಲ್ಲಿ ಒಂದು ಪ್ರೊಸೆಸ್ಸಿಗೆ ಎಷ್ಟು ಕಾಣಬೇಕೆಂಬುದನ್ನು ಮಿತಿಗೊಳಿಸುವ ಈ ವ್ಯವಸ್ಥೆ 2002ರಲ್ಲಿ ಆರಂಭವಾಗಿ, 2013ರ 3.8ನೇ ಆವೃತ್ತಿಯ ಹೊತ್ತಿಗೆ ಬಳಕೆದಾರ ನೇಮ್‌ಸ್ಪೇಸನ್ನೂ ಒಳಗೊಂಡಿತು.

ಆದರೆ ಅಪೋರ್ಟ್‌ನಂಥ ಸಹಾಯಕವನ್ನು ಹುಟ್ಟಿಸುವುದು ಕುಸಿದ ಪ್ರೊಸೆಸ್ ಅಲ್ಲ, ಕರ್ನಲಿನದೇ ಎಳೆ. ಆದ್ದರಿಂದ ಅದು ಮೂಲ ನೇಮ್‌ಸ್ಪೇಸಿನಲ್ಲಿ, ರೂಟ್, ಅಂದರೆ ಯಂತ್ರದ ಒಡೆಯನ, ಅಧಿಕಾರದೊಡನೆ ಹುಟ್ಟುತ್ತದೆ. ಒಂದು ಕೆರೆಯ ಕೋಡಿ ಮತ್ತೊಂದಕ್ಕೆ ಹರಿಯುವ ಸೊರಬ–ಶಿಕಾರಿಪುರದ ಸೀಮೆಯಲ್ಲಿ, ಕೆಳಗಿನ ಊರಿನ ತೂಬು ಕೆಟ್ಟಾಗಲೆಲ್ಲ ಮೇಲಿನ ಊರಿನ ನೀರುಗಂಟಿಯೇ ಸಾಲಿನ ಎಲ್ಲ ತೂಬುಗಳನ್ನು ಎತ್ತುವ ಹಕ್ಕಿನೊಡನೆ ಬರುವ ಪರಿಸ್ಥಿತಿಯನ್ನು ಇದು ಹೋಲುತ್ತದೆ.

ಹಾಗಾದರೆ ಸಹಾಯಕವನ್ನು ಕಂಟೇನರಿನೊಳಕ್ಕೇ ಕಳಿಸಬಾರದೇಕೆ ಎಂದು ರೆಡ್ ಹ್ಯಾಟ್‌ನ ಇಯಾನ್ ಕೆಂಟ್ 2014–15ರಲ್ಲಿ ಪ್ಯಾಚುಗಳ ಮೂಲಕ ಪ್ರಯತ್ನಿಸಿದರು. ಕೋರ್_ಪ್ಯಾಟರ್ನ್‌ಗಾಗಿ 2016ರಲ್ಲಿ ಮತ್ತೊಂದು ಪ್ರಯತ್ನ ನಡೆಯಿತು. ಎರಡೂ ಕರ್ನಲನ್ನು ಸೇರಲಿಲ್ಲ. ಕಾರಣ ಗಟ್ಟಿಯಾದದ್ದೇ. ಕರ್ನಲಿಗೆ ಕಂಟೇನರ್ ಎಂಬ ಒಂದು ವಸ್ತುವಿನ ಪರಿಚಯವೇ ಇಲ್ಲ, ಅದು ಬಲ್ಲದ್ದು ಬಿಡಿಬಿಡಿ ನೇಮ್‌ಸ್ಪೇಸುಗಳನ್ನು ಮತ್ತು ಸಂಪನ್ಮೂಲಕ್ಕೆ ಮಿತಿ ಹಾಕುವ ಸಿಗ್ರೂಪುಗಳನ್ನು ಮಾತ್ರ. ಒಳಗಿನ ಕಡತಗಳೆಲ್ಲ ಒಳಗಿರುವವನ ಹಿಡಿತದಲ್ಲಿರುವುದರಿಂದ, ಅಧಿಕಾರವನ್ನು ಪೂರ್ತಿ ಕಳಚದೆ ಒಳಹೊಕ್ಕ ಸಹಾಯಕವು ಆತನು ಇಟ್ಟ ಪ್ರೋಗ್ರಾಮನ್ನೇ ಯಂತ್ರದ ಒಡೆಯನ ಹಕ್ಕಿನಿಂದ ಓಡಿಸಿದಂತಾಗುತ್ತದೆ.

ಹೊರಗೆ ಓಡುವ ಸಹಾಯಕವೂ ಕಡಿಮೆ ಅಪಾಯದ್ದಲ್ಲ. ಸಿಗ್ರೂಪಿನ ಮೊದಲ ಆವೃತ್ತಿಯಲ್ಲಿ ಗುಂಪಿನ ಕೊನೆಯ ಪ್ರೊಸೆಸ್ ಹೊರಬಿದ್ದಾಗ ರಿಲೀಸ್_ಏಜೆಂಟ್ ಕಡತದಲ್ಲಿ ಹೆಸರಿಸಿದ ಪ್ರೋಗ್ರಾಮನ್ನು ಕರ್ನಲ್ ಓಡಿಸುತ್ತದೆ. ಆ ಕಡತದಲ್ಲಿ ಬರೆಯುವವನಿಗೆ ಮೂಲ ಬಳಕೆದಾರ ನೇಮ್‌ಸ್ಪೇಸಿನಲ್ಲಿ ಅಧಿಕಾರವಿದೆಯೇ ಎಂಬ ತಪಾಸಣೆ ಇಲ್ಲದಿದ್ದುದರಿಂದ, ಸೆಕ್ಕಾಂಪ್, ಆಪ್‌ಆರ್ಮರ್‌ನಂಥ ಬೇಲಿಗಳಿಲ್ಲದ ಕಂಟೇನರಿನಿಂದ ಹೊರಬೀಳಲು ದಾರಿಯಿತ್ತು. ಸಿವಿಇ-2022-0492 ಎಂದು ದಾಖಲಾದ ಈ ಲೋಪವನ್ನು 2022ರಲ್ಲಿ ಸರಿಪಡಿಸಲಾಯಿತು. ಕಂಟೇನರುಗಳನ್ನು ನಡೆಸುವ ಡಾಕರ್, ಸಾಮಾನ್ಯ ಕಂಟೇನರುಗಳಿಗೆ ಪ್ರೊಕ್‌ನ ಸಿಸ್ ಭಾಗವನ್ನು ಓದಲಷ್ಟೇ ಬಿಡುವುದರಿಂದ ಕೋರ್_ಪ್ಯಾಟರ್ನ್ ತಿದ್ದುವ ಹಾದಿಯೂ ಮುಚ್ಚಿರುತ್ತದೆ.

ಕರ್ನಲ್ ಯಾರನ್ನೂ ಹುಟ್ಟಿಸದೆ, ಮೊದಲೇ ಕಾಯುತ್ತಿರುವ ಪ್ರೊಸೆಸ್ಸಿಗೆ ವಿಷಯ ಒಪ್ಪಿಸುವುದೇ ಇವೆಲ್ಲಕ್ಕಿಂತ ಮೇಲಾದ ಮಾರ್ಗ. ಕಾಯುವ ಪ್ರೊಸೆಸ್ ಎಲ್ಲಿ, ಎಷ್ಟು ಅಧಿಕಾರದಲ್ಲಿ ಇರಬೇಕೆಂಬುದನ್ನು ಯಂತ್ರ ನಡೆಸುವವರು ಶಾಂತವಾಗಿ ಮುಂಚೆಯೇ ತೀರ್ಮಾನಿಸಬಹುದು. 2025ರ 6.16ನೇ ಆವೃತ್ತಿ ಈ ದಾರಿಯನ್ನು ತೆರೆದಿದೆ: ಕೋರ್_ಪ್ಯಾಟರ್ನ್ ಸಾಲಿನ ಮೊದಲಲ್ಲಿ ಗೆರೆಯ ಬದಲು ಅಟ್ ಚಿಹ್ನೆಯಿಟ್ಟು, ಪ್ರೊಸೆಸ್ಸುಗಳು ಪರಸ್ಪರ ಸಂಪರ್ಕಿಸುವ ಸಾಕೆಟ್ಟಿನ ವಿಳಾಸ ಬರೆದರೆ, ಕೋರ್ ಡಂಪು ಅಲ್ಲಿ ಕಿವಿಗೊಟ್ಟಿರುವ ಸೇವೆಗೆ ತಲುಪುತ್ತದೆ. ಆ ಸಾಲು ಇಂದಿಗೂ ಇಡೀ ಯಂತ್ರಕ್ಕೆ ಒಂದೇ ಆದ್ದರಿಂದ, ಬಂದದ್ದನ್ನು ಆಯಾ ಕಂಟೇನರಿಗೆ ಹಂಚುವ ಹೊಣೆ ಸದ್ಯಕ್ಕೆ ಆ ಸೇವೆಯದೇ ಆಗಿದೆ.